ಇಬ್ಬರು ಬೀರಪ್ಪಂದಿರು, ಒಂದೇ ಖಾತೆ

ಒಂದೇ ಹೆಸರಿನವರು ಇಬ್ಬರಿಲ್ಲದ ಹಳ್ಳಿ ಕಡೂರು ತಾಲ್ಲೂಕಿನಲ್ಲಿಲ್ಲ. ಇದು ಎಲ್ಲರಿಗೂ ಗೊತ್ತು, ಲೆಕ್ಕದ ಸಾಫ್ಟ್‌ವೇರ್ ಮಾರುವವರನ್ನು ಬಿಟ್ಟು.

ಪಂಚನಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಮಲ್ಲಿಕಾಂಬ ಬೋರ್‌ವೆಲ್ ಮೋಟಾರು, ಪೈಪು, ಕೇಬಲ್ಲು ಮಾರುತ್ತಾರೆ. ಅಂಗಡಿ ತೆರೆದದ್ದು ಗಂಡ, ಉಳಿಸಿಕೊಂಡದ್ದು ಇವರು. ಕಂಪ್ಯೂಟರು ಬಂದಾಗ ಕೀಲಿಗಳ ಮೇಲೆ ಕನ್ನಡದ ಚೀಟಿ ಅಂಟಿಸಿಕೊಂಡು ಕಲಿತರು. ಗಿರಾಕಿಗಳನ್ನು ಊರು ಕರೆಯುವ ಹೆಸರಿನಲ್ಲೇ ಬರೆದುಕೊಂಡರು: ತೋಪಿನ ಬೀರಪ್ಪ, ಕಟ್ಟೆ ಬೀರಪ್ಪ. ಮೊದಲನೆಯವರಿಗೆ ತೆಂಗಿನ ತೋಪಿದೆ. ಎರಡನೆಯವರು ಯಾವಾಗ ನೋಡಿದರೂ ಅರಳಿಕಟ್ಟೆಯ ಮೇಲೇ. ಬಿಲ್ಲು ಓದಿಕೊಂಡು, “ಕಟ್ಟೇನ ನನ್ನೆಸ್ರಿಗೇ ಖಾತೆ ಮಾಡ್ಬಿಟ್ರಲ್ಲಕ್ಕ” ಎಂದು ನಕ್ಕವರು.

ಕಳೆದ ವರ್ಷ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ, ಹೊಸದಾಗಿ ಕೂತಿತ್ತು. ಹೊಸದಾಗು ಎಂದು ಯಾರೂ ಹೇಳಿರಲಿಲ್ಲ. ಲೆಕ್ಕದಲ್ಲಿದ್ದ ಕನ್ನಡವೆಲ್ಲ ಹೋಗಿ, ತಲೆಯ ಮೇಲೆ ಚುಕ್ಕೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಬಂದಿದ್ದವು. ಬೀರಪ್ಪನ ‘ಪ್ಪ’ ಇದ್ದ ಜಾಗದಲ್ಲಿ ಜಪಾನಿನವರ ದುಡ್ಡಿನ ಗುರುತು.

ಸಾಫ್ಟ್‌ವೇರ್ ಕಂಪನಿಗೆ ಫೋನು ಮಾಡಿದರೆ, ತಪ್ಪು ಸಿಸ್ಟಮ್ ಮಾಡಿದವರದು ಎಂದರು. ಸಿಸ್ಟಮ್ ಮಾಡಿದವರ ನಂಬರು ಪಂಚನಹಳ್ಳಿಯಲ್ಲಿ ಯಾರ ಹತ್ತಿರ ಇದೆ? ಕೊನೆಗೆ ಕಂಪನಿಯ ಹುಡುಗ ಓಂಕಾರೇಶ್ ಬಂದ. ಹಳೆಯ ಫಾಂಟು ಇನ್ನು ನಡೆಯುವುದಿಲ್ಲ, ಹೆಸರುಗಳನ್ನು ಆಧಾರ್‌ನಲ್ಲಿರುವ ಹಾಗೆ ಇಂಗ್ಲಿಷಿನಲ್ಲಿ ಹೊಡೆಯಿರಿ ಎಂದ. ಹೊಡೆದರು. ತೋಪೂ ಹೋಯಿತು, ಕಟ್ಟೆಯೂ ಹೋಯಿತು, ಇಬ್ಬರೂ ಬರೀ ಬೀರಪ್ಪ ಆದರು. ಒಂದೇ ಹೆಸರು ಎರಡು ಸಲ ಇದೆ, ಸೇರಿಸಿಬಿಡಲೇ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು. ಓಂಕಾರೇಶ್ ಹೂಂ ಎಂದು ಒತ್ತಿದ. ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಅವನೊಬ್ಬನೇ, ಬೈಕಿನ ಪೆಟ್ರೋಲೂ ಅವನದೇ. ನನ್ನ ಸಿಟ್ಟು ಅವನ ಮೇಲಲ್ಲ.

ಹೀಗೆ ಕಟ್ಟೆ ಬೀರಪ್ಪನವರ ಪೈಪಿನ ಬಾಕಿ ತೋಪಿನ ಬೀರಪ್ಪನವರ ತಲೆಗೆ ಬಿತ್ತು. ಬಾಕಿ ಕಟ್ಟಿ ಎಂದು ಅವರ ಫೋನಿಗೆ ಮೆಸೇಜು ಹೋಯಿತು. ಅವರು ನೇರ ಅಂಗಡಿಗೆ ಬಂದರು. ಅಲ್ಲಿ ಊರಿನ ನಾಲ್ಕು ಜನ ಇದ್ದರು.

“ನಾನು ಆಗ್ಲೇ ಕೊಟ್ಟಿಲ್ವೇನಕ್ಕ?”

“ಕಂಪ್ಯೂಟ್ರು ತೋರಿಸ್ತೈತಲ್ಲಣ್ಣ.”

ಮಲ್ಲಿಕಾಂಬ ಇದನ್ನು ಪರದೆ ನೋಡಿಕೊಂಡೇ ಹೇಳಿದರು. ಮುಖ ನೋಡಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ ಎಂದು ಈಗ ಅನ್ನುತ್ತಾರೆ. ಬೀರಪ್ಪ ದುಡ್ಡು ಇಟ್ಟು ಹೋದರು. ಆಮೇಲೆ ಒಂದು ತುಂಡು ಕೇಬಲ್ಲಿಗೂ ಕಡೂರಿನ ಬಸ್ಸು ಹತ್ತಿದರು, ಅದೂ ಇವರ ಅಂಗಡಿಯ ಮುಂದೆಯೇ ನಿಂತು.

ನಿಜ ಹೊರಬಿದ್ದದ್ದು ಕಟ್ಟೆ ಬೀರಪ್ಪ ಬಾಕಿ ತೀರಿಸಲು ಬಂದ ದಿನ. ಯಂತ್ರ ಬಾಕಿ ಇಲ್ಲವೆಂದಿತು. “ನನ್ ಸಾಲ ತೀರ್ಸೋ ಅಂಥಾ ಪುಣ್ಯಾತ್ಮ ನಮ್ಮೂರಲ್ಲಿ ಯಾರವ್ನೆ ಅಕ್ಕ?” ಎಂದರು. ಮಲ್ಲಿಕಾಂಬರಿಗೆ ನಗು ಬರಲಿಲ್ಲ. ಅಂಗಡಿ ಅವರ ಕೈಗೇ ಬಿಟ್ಟು ತೋಪಿಗೆ ಹೋದರು.

ಅಲ್ಲಿ ಕಾಯಿ ಸುಲಿಯುತ್ತಿದ್ದರು. ನಾಲ್ಕು ಜನರ ಮುಂದೆ ಆಡಿದ್ದನ್ನು ನಾಲ್ಕು ಜನರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕೆಂದು, ಸುಲಿಯುವವರೆಲ್ಲ ಕೇಳುವ ಹಾಗೆ ತಪ್ಪು ತನ್ನದೆಂದರು. ಬೀರಪ್ಪ ದುಡ್ಡು ತೆಗೆದುಕೊಂಡರು, ಎಳನೀರೂ ಕೊಟ್ಟರು.

“ನನ್ ತೋಪು ಬಿಲ್ಲಿಗೆ ವಾಪಸ್ ಬರ್ಲಿ ಕಣಕ್ಕ, ನಾನೂ ಬತ್ತೀನಿ.”

ಕನ್ನಡ ಬೇಕಾದರೆ ಬೇರೆ ದರ ಎನ್ನುತ್ತಿದೆ ಕಂಪನಿ. ಬೀರಪ್ಪ ಇನ್ನೂ ಬಸ್ಸಿಗೆ ನಿಲ್ಲುತ್ತಿದ್ದಾರೆ, ಮಲ್ಲಿಕಾಂಬ ಇನ್ನೂ ಒಳಗಿನಿಂದ ನೋಡುತ್ತಿದ್ದಾರೆ.

ಅಂಗಡಿ ಇಟ್ಟವರೇ, ನಿಮ್ಮ ಹತ್ತಿರ ಸಾಫ್ಟ್‌ವೇರ್ ಮಾರಲು ಬಂದವರಿಗೆ ಮೊದಲು ಇದೊಂದು ಕೆಲಸ ಕೊಡಿ: ನಿಮ್ಮ ಪಕ್ಕದ ಮನೆಯವರನ್ನು ಊರು ಏನೆಂದು ಕರೆಯುತ್ತದೋ ಅದನ್ನು ಕನ್ನಡದಲ್ಲಿ ಹೊಡೆದು ತೋರಿಸಲಿ. ಆ ಹೆಸರು ಬಿಲ್ಲಿನ ಮೇಲೆ ನೆಟ್ಟಗೆ ಮೂಡುವ ತನಕ ಒಂದು ಪೈಸೆಯನ್ನೂ ಬಿಚ್ಚಬೇಡಿ.