ಚಕ್ಕೋತದ ಸಿಪ್ಪೆ ಹಾಕಿದ ಮುಖದೆಣ್ಣೆ

ಮೊನ್ನೆ ಭಾನುವಾರ ಮಹಡಿ ಮೇಲಿನ ಕಾವ್ಯ ಇಳಿದು ಬಂದು ನನ್ನ ಕೈಗೊಂದು ಪುಟ್ಟ ಗಾಜಿನ ಸೀಸೆ ಕೊಟ್ಟಳು. ಮುಚ್ಚಳದಲ್ಲೇ ರಬ್ಬರಿನ ಗುಂಡು, ಒತ್ತಿದರೆ ಒಂದೊಂದೇ ಹನಿ. ಈ ಹುಡುಗಿ ವಿಮಾನ ನಿಲ್ದಾಣದ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದೇವನಹಳ್ಳಿಯ ಈ ಮನೆಯಲ್ಲಿ ಕೆಳಗೆ ನಾನು, ಮೇಲೆ ಅವಳು, ಇಬ್ಬರೂ ಬಾಡಿಗೆಯವರೇ. ರಜೆ ಸಿಕ್ಕರೆ ಸಾಕು, ಅಡುಗೆಮನೆಯಲ್ಲಿ ನಾಲ್ಕಾರು ಎಣ್ಣೆ ಬೆರೆಸಿಕೊಂಡು ಕೂರುತ್ತಾಳೆ. ಅದಕ್ಕವಳು ಸೀರಮ್ ಅನ್ನುತ್ತಾಳೆ. ನಾನು ಮುಖದೆಣ್ಣೆ ಅಂದರೆ ನಗುತ್ತಾಳೆ.

ಮುಚ್ಚಳ ತಿರುಗಿಸಿದೆ. ಚಕ್ಕೋತದ ವಾಸನೆ. ನೀವು ಚಕ್ಕೋತ ಸುಲಿದಿದ್ದೀರಾ? ಅದರ ತೊಳೆಗೆ ಅಂಥ ಪರಿಮಳವೇನೂ ಇಲ್ಲ. ಇರುವುದೆಲ್ಲ ಹೊರಗಿನ ಹಸಿರು ಸಿಪ್ಪೆಯಲ್ಲಿ. ಉಗುರು ತಾಗಿದರೆ ಸಣ್ಣಗೆ ಚಿಮ್ಮಿ ಕಣ್ಣು ಚುರುಗುಟ್ಟಿಸುತ್ತದೆ.

“ಹಿತ್ತಲ ಮರದ್ದೇ ಹಣ್ಣು ಆಂಟಿ, ಸಿಪ್ಪೆ ತುರಿದು ಹಾಕಿದೀನಿ. ಮಲಗೋ ಮುಂಚೆ ಹಚ್ಕೊಂಡು ಬೆಳಿಗ್ಗೆ ತೊಳ್ಕೊಂಡ್ಬಿಡಿ. ಹಚ್ಕೊಂಡು ಬಿಸಿಲಿಗೆ ಮಾತ್ರ ಹೋಗ್ಬೇಡಿ. ಸುಟ್ಟಂಗಾಗಿ ಕಪ್ಪಗೆ ಕಲೆ ಬಿದ್ಬಿಡುತ್ತೆ.”

“ಹಾಗಂತ ಯಾರು ಹೇಳಿದ್ರು?” ಅಂದೆ. ನನ್ನ ದನಿ ಸ್ವಲ್ಪ ಒರಟಾಗಿಯೇ ಬಂತೆಂದು ಕಾಣುತ್ತದೆ.

“ಎಲ್ರಿಗೂ ಗೊತ್ತಲ್ಲ ಆಂಟಿ. ನಿಂಬೆ ಜಾತಿದು ಸುಮಾರು ಹಂಗೇ.”

ಎಲ್ಲರಿಗೂ ಗೊತ್ತಂತೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಹಾರ ಶಾಲು ಹಾಕಿಸಿಕೊಂಡು ನಿವೃತ್ತಳಾದ ನನಗೆ ಗೊತ್ತಿರಲಿಲ್ಲ. ಬೆಳಕಿನ ಅಧ್ಯಾಯವನ್ನು ನನ್ನ ಹಾಗೆ ಮಾಡುವವರು ತಾಲ್ಲೂಕಿನಲ್ಲೇ ಇಲ್ಲ ಎಂದು ನಾನೇ ಹಬ್ಬಿಸಿದ್ದೆ. ಆದರೆ ಪೂರ್ತಿ ಗೊತ್ತಿರಲಿಲ್ಲ ಅಂದರೂ ಸುಳ್ಳಾಗುತ್ತದೆ. ಒಂದು ಅನುಮಾನ ಹದಿನಾಲ್ಕು ವರ್ಷದಿಂದ ಇತ್ತು. ಅನುಮಾನ ಇರುವ ತನಕ ತಪ್ಪಿಸಿಕೊಳ್ಳಲು ಒಂದು ಸಂದಿಯೂ ಇರುತ್ತದೆ ನೋಡಿ. ಕಾವ್ಯ ಪಾಪ, ನಗುನಗುತ್ತಾ ಆ ಸಂದಿಯನ್ನು ಮುಚ್ಚಿ ಮೇಲೆ ಹೋದಳು.

ಹದಿನಾಲ್ಕು ವರ್ಷದ ಹಿಂದೆ ನಮ್ಮ ಶಾಲೆಗೆ ಶಾಹಿನ್ ಬಂದಳು, ದೈಹಿಕ ಶಿಕ್ಷಣದ ಟೀಚರಾಗಿ. ಮೂವತ್ತು ದಾಟಿರಲಿಲ್ಲ. ಕೊರಳಲ್ಲಿ ಸೀಟಿ, ಸಲ್ವಾರಿನ ಕೆಳಗೆ ಬಿಳಿ ಶೂ, ನಡೆದರೆ ಓಡಿದ ಹಾಗೆ. ನಾನೋ ನಲವತ್ತಾರರ ಹೆಂಗಸು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯಲ್ಲಿ ಮಾತಾಡಲು ರೇಡಿಯೋ ಬಿಟ್ಟರೆ ಇನ್ನೊಂದು ಜೀವವಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಿರುತ್ತಿತ್ತು. ಬಂದವಳೇ ಅದರಲ್ಲಿ ಕೂತು, “ಮೇಡಂ, ನನ್ನ ಮುಖ ನೋಡಿ, ನಮ್ಮ ಗ್ರೌಂಡ್ ಥರಾನೇ ಆಗ್ಬಿಟ್ಟಿದೆ. ಹುಲ್ಲೊಂದು ಬೆಳೀಬೇಕು” ಅಂದಳು. ನಾನು ಅಷ್ಟು ಜೋರಾಗಿ ನಕ್ಕಿದ್ದನ್ನು ಆ ಶಾಲೆ ಅದಕ್ಕೆ ಮೊದಲು ಕೇಳಿರಲಿಲ್ಲ.

ನನ್ನ ತಾಯಿ ಮುಖಕ್ಕೊಂದು ಎಣ್ಣೆ ಮಾಡುತ್ತಿದ್ದರು ಎಂದು ಬಾಯಿಬಿಟ್ಟೆ. ಅಷ್ಟೇ ಸಾಕಾಯಿತು. ಶನಿವಾರ ಬೆಳಗಿನ ಶಾಲೆ ಹನ್ನೊಂದೂವರೆಗೆ ಬಿಟ್ಟರೆ ಇಬ್ಬರೂ ನೇರ ನಮ್ಮ ಮನೆಗೆ, ಆಗಲೂ ಇದೇ ಮನೆ. ಗಾಣದಿಂದ ತಂದ ಎಳ್ಳೆಣ್ಣೆ, ಅದಕ್ಕರ್ಧ ಕೊಬ್ಬರಿ ಎಣ್ಣೆ, ನಾಲ್ಕು ಹನಿ ಹರಳೆಣ್ಣೆ, ಒಂದು ಹಿಡಿ ಒಣಗಿದ ಗುಲಾಬಿ ಎಸಳು, ಸ್ವಲ್ಪ ಲಾವಂಚದ ಬೇರು. ಪಾತ್ರೆಯಲ್ಲಿ ನೀರು ಕುದಿಸಿ, ಅದರ ಮೇಲೆ ಎಣ್ಣೆಯ ಬಟ್ಟಲಿಟ್ಟು ಕಾಯಿಸಬೇಕು. ಒಲೆಯ ಮೇಲೆ ನೇರ ಇಟ್ಟರೆ ಎಸಳು ಕರಟುತ್ತದೆ. ಇದನ್ನು ಅವಳಿಗೆ ವಿವರಿಸುವಾಗ ನಾನು ಚಾಕ್‌ಪೀಸಿಗಾಗಿ ಕೈ ಆಡಿಸುತ್ತಿದ್ದೆನಂತೆ. ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಔಷಧಿಯ ಖಾಲಿ ಸೀಸೆಗಳಿಗೆ ತುಂಬುತ್ತಿದ್ದೆವು. ಅದೆಲ್ಲ ಒಂದು ಗಂಟೆಯ ಕೆಲಸ. ಆದರೆ ಅವಳು ಸಂಜೆ ಐದರ ತನಕ ಇರುತ್ತಿದ್ದಳು. ಉಪ್ಪಿಟ್ಟು ತಿಂದು, ಚಾಪೆಯ ಮೇಲೆ ಅಡ್ಡಾಗಿ, ಅವಳ ಅಮ್ಮಿಯ ಜಗಳಗಳನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದಳು. ಶಾಲೆಯಲ್ಲಿ ಮೇಡಂ ಅನ್ನುತ್ತಿದ್ದವಳು ಮನೆಯಲ್ಲಿ ಅಕ್ಕ ಅನ್ನತೊಡಗಿದಳು. ಎಣ್ಣೆಯಿಂದ ಅವಳ ಮುಖ ಬೆಳಗಿತೋ ಇಲ್ಲವೋ ಗೊತ್ತಿಲ್ಲ. ನನಗೆ ಶುಕ್ರವಾರದಿಂದಲೇ ಖುಷಿಯಾಗುತ್ತಿತ್ತು.

ಆ ವರ್ಷ ಹಿತ್ತಲ ಚಕ್ಕೋತ ವಿಪರೀತ ಬಿಟ್ಟಿತ್ತು. ಮನೆಯ ಯಜಮಾನರು ಹಣ್ಣನ್ನು ನೆಂಟರಿಷ್ಟರಿಗೆಲ್ಲ ಹಂಚಿ, ಮಿಕ್ಕದ್ದನ್ನು ನನ್ನ ಬಾಗಿಲಿಗಿಟ್ಟು ಹೋಗುತ್ತಿದ್ದರು. ಚಕ್ಕೋತಕ್ಕೇ ಹೆಸರಾದ ದೇವನಹಳ್ಳಿಯವಳು ಅದರ ಸಿಪ್ಪೆಯನ್ನು ತಿಪ್ಪೆಗೆಸೆಯುವುದೇ? ಜಿಪುಣತನವೂ ಊರಿನ ಅಭಿಮಾನವೂ ಒಟ್ಟಿಗೆ ಕೆರಳಿದವು. ಸಣ್ಣ ತುರಿಮಣೆಯಲ್ಲಿ ಹಸಿರು ಸಿಪ್ಪೆ ತುರಿದು, ಅವಳಿಲ್ಲದಾಗ ಒಂದು ಸೀಸೆ ಹೊಸ ಎಣ್ಣೆ ಮಾಡಿಟ್ಟೆ. ಅವಳನ್ನು ಬೆರಗುಗೊಳಿಸಬೇಕು ಎಂದು ಆಸೆ.

ತಾಲ್ಲೂಕು ಕ್ರೀಡಾಕೂಟದ ದಿನ ಬೆಳಿಗ್ಗೆ ಏಳಕ್ಕೆ ನನ್ನನ್ನು ಕರೆದುಕೊಂಡು ಹೋಗಲು ಬಂದಳು. ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಗಿಯುತ್ತಿದ್ದಳು. ನಾನು ಸೀಸೆ ತಂದು, “ಇವತ್ತು ದಿನಪೂರ್ತಿ ಬಿಸಿಲಲ್ಲಿ ನಿಲ್ತೀಯ, ಇದು ಕಾಪಾಡುತ್ತೆ, ಮುಖ ಎತ್ತು” ಅಂದೆ. ಅವಳ ಎರಡು ಕೈಗೂ ಕೆಲಸವಿತ್ತು. ಎಣ್ಣೆಯನ್ನು ನಾನೇ ಹಚ್ಚಿದೆ, ಕೆನ್ನೆಯಿಂದ ಕಿವಿಯ ಕಡೆಗೆ, ನಾಲ್ಕೂ ಬೆರಳಲ್ಲಿ ಎಳೆದು. “ಆಹಾ, ಘಮಘಮ” ಅಂದಳು ಕಣ್ಣು ಮುಚ್ಚಿಕೊಂಡು. ನಾನು ಶಾಮಿಯಾನದ ಕೆಳಗೆ ಕೂತು ಫಲಿತಾಂಶ ಬರೆದೆ. ಅವಳು ಬೆಳಗಿನಿಂದ ಸಂಜೆವರೆಗೆ ಬಯಲಲ್ಲಿ ನಿಂತು ಸೀಟಿ ಊದಿದಳು.

ಮಾರನೇ ದಿನ ಕೆನ್ನೆ ಕೆಂಪಗೆ ಉರಿಯುತ್ತಿತ್ತು. ನಾಲ್ಕನೇ ದಿನ ಕಂದು ಗೆರೆಗಳು ಎದ್ದವು. ಬಿಸಿಲಿಗೆ ಕಪ್ಪಾದರೆ ಮುಖವೆಲ್ಲ ಒಂದೇ ಸಮ ಆಗಬೇಕಲ್ಲವೇ? ಇದು ಹಾಗಿರಲಿಲ್ಲ. ಎರಡೂ ಕೆನ್ನೆಯ ಮೇಲೆ ಕಿವಿಯ ಕಡೆಗೆ ಹೋಗುವ ನಾಲ್ಕು ನಾಲ್ಕು ಗೆರೆ. ಅವು ನನ್ನ ಬೆರಳುಗಳು. ಮಕ್ಕಳು ಬೆಂಚಿನ ಕೆಳಗೆ ಬಗ್ಗಿ ಪಿಸುಗುಟ್ಟುತ್ತಿದ್ದರು. ಯಾರೋ ಮನೆಯಲ್ಲಿ ಹೊಡೆದಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು.

ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ಅಕ್ಕಾ, ಅವತ್ತಿನ ಎಣ್ಣೆಗೆ ಹೊಸದೇನಾದ್ರೂ ಹಾಕಿದ್ರಾ?”

“ಇಲ್ವಲ್ಲ. ಯಾವಾಗ್ಲೂ ಹಾಕೋದೇ. ನೀನೇ ಇನ್ನೇನೋ ಹಚ್ಕೊಂಡಿರ್ಬೇಕು” ಅಂದೆ.

ಎಷ್ಟು ಸಲೀಸಾಗಿ ಬಂತು ಅಂತೀರಿ! ಅವಳು ನಂಬಿದಳು. ಅಮ್ಮಿ ಕಲಸಿಕೊಡುತ್ತಿದ್ದ ಕಡಲೆಹಿಟ್ಟಿನ ಲೇಪವೇ ಕಾರಣವಿರಬೇಕು ಎಂದುಕೊಂಡು ಆ ಮುದುಕಿಯೊಂದಿಗೆ ಜಗಳವಾಡಿ ಅದನ್ನು ನಿಲ್ಲಿಸಿದಳು. ಅದನ್ನೂ ಬಂದು ನನಗೇ ಹೇಳಿದಳು. ನಾನು ತಲೆಯಾಡಿಸಿದೆ.

ಇಷ್ಟಾದ ಮೇಲೆ ಅವಳು ನನ್ನಿಂದ ದೂರವಾದಳು ಎಂದು ನೀವು ಅಂದುಕೊಂಡಿರಬಹುದು. ದೂರವಾದವಳು ನಾನು. ಆ ಕೆನ್ನೆಯನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಶನಿವಾರ ಶಾಲೆ ಬಿಟ್ಟ ಕೂಡಲೇ ಬೇರೆ ದಾರಿಯಲ್ಲಿ ಮನೆಗೆ ಬಂದು ಚಿಲಕ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದಳು. ಉಸಿರು ಬಿಗಿಹಿಡಿದು ನಿಂತೆ. ಮುಂದಿನ ಶನಿವಾರವೂ ಹಾಗೆಯೇ. ಅದರ ಮುಂದಿನ ಶನಿವಾರ, “ಅಕ್ಕಾ” ಎಂದು ಎರಡು ಸಲ ಕರೆದಳು. ನಾಲ್ಕನೆಯ ಶನಿವಾರ ಯಾರೂ ತಟ್ಟಲಿಲ್ಲ. ನನಗೆ ನಿರಾಳವಾಯಿತು, ನಾಚಿಕೆಗೇಡಿನ ಮಾತು, ನಿಜವಾಗಿಯೂ ನಿರಾಳವಾಯಿತು. ಬೇಸಿಗೆಯಲ್ಲಿ ಅವಳಿಗೆ ಹೊಸಕೋಟೆ ಕಡೆಯ ಶಾಲೆಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ಅವಳ ಶಿಸ್ತಿನ ಬಗ್ಗೆ ಐದು ನಿಮಿಷ ಭಾಷಣ ಮಾಡಿದವಳು ನಾನೇ.

ಆಮೇಲೆ ನನಗೆ ಸ್ನೇಹಿತೆ ಅಂತ ಯಾರೂ ಇಲ್ಲ. ಹಬ್ಬಕ್ಕೆ ಒಬ್ಬಳಿಗಾಗಿ ಅಡುಗೆ ಮಾಡುವುದಿಲ್ಲ. ಮಾಡಿದರೆ ಮಿಗುತ್ತದೆ, ಮಿಕ್ಕದ್ದನ್ನು ಮಾರನೇ ದಿನ ಬಿಸಿ ಮಾಡಿ ತಿನ್ನುವಾಗ ಅಳು ಬರುತ್ತದೆ. “ನಮ್ಮನೆಗೆ ಯಾರು ಬರ್ತಾರಮ್ಮ, ನಾಯೀನೂ ಬರಲ್ಲ” ಎಂದು ಕಾವ್ಯಳ ಹತ್ತಿರ ಎಷ್ಟು ಸಲ ಹೇಳಿದ್ದೇನೋ. ಆ ಹುಡುಗಿ ಸೀಸೆ ಹಿಡಿದು ಇಳಿದು ಬಂದದ್ದೂ ಅದಕ್ಕೇ ಇರಬೇಕು.

ನೆನ್ನೆ ಮಧ್ಯಾಹ್ನ ಶಾಹಿನ್‌ಗೆ ಫೋನ್ ಮಾಡಿದೆ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅವಳ ನಂಬರು ಇಷ್ಟು ದಿನವೂ ಇತ್ತು. ಹಿಂದಿನಿಂದ ಮಕ್ಕಳ ಕೂಗಾಟ ಕೇಳಿಸುತ್ತಿತ್ತು, ಆಟದ ಪೀರಿಯಡ್ಡು.

“ಹೇಳಿ ಮೇಡಂ” ಅಂದಳು.

ಹೇಳಿದೆ. ಸಿಪ್ಪೆ ತುರಿದದ್ದು, ಬಚ್ಚಿಟ್ಟದ್ದು, ಅಮ್ಮಿಯ ಮೇಲೆ ತಪ್ಪು ಬಿದ್ದರೂ ಸುಮ್ಮನಿದ್ದದ್ದು, ಎಲ್ಲ. ಅವಳು ಜೋರಾಗಿ ನಕ್ಕಳು.

“ಅಯ್ಯೋ ಅದಾ! ಆರು ತಿಂಗಳಿಗೇ ಹೋಯ್ತಲ್ಲ ಮೇಡಂ. ನಂಗೆ ಮರ್ತೇ ಹೋಗಿತ್ತು. ಅಮ್ಮಿ ಇದ್ದಿದ್ರೆ ಹೇಳ್ಬಹುದಿತ್ತು.”

ನಾನೂ ನಕ್ಕೆ. ಎದೆ ಹಗುರಾಯಿತು. ಇಷ್ಟೇನಾ, ಇಷ್ಟಕ್ಕೆ ಇಷ್ಟು ವರ್ಷವೇ ಅನ್ನಿಸಿತು. ಆಗ ಅವಳು ದನಿ ತಗ್ಗಿಸಿದಳು.

“ಬೇರೆ ಒಂದು ಕೇಳ್ಲಾ ಮೇಡಂ? ಆಮೇಲೆ ನಾನು ಶನಿವಾರ ಬಂದಿದ್ದೆ. ಬಾಗಿಲು ತಟ್ದೆ. ನಿಮ್ ಚಪ್ಪಲಿ ಹೊರಗಡೇನೇ ಇತ್ತು. ಒಳಗಿದ್ರಾ?”

ಚಪ್ಪಲಿ. ಚಿಲಕ ಹಾಕಿಕೊಂಡ ಬುದ್ಧಿವಂತೆಗೆ ಚಪ್ಪಲಿ ಒಳಗಿಡಲು ತೋಚಿರಲಿಲ್ಲ. ನಿದ್ದೆ ಬಂದಿತ್ತು, ಸ್ನಾನಕ್ಕೆ ಹೋಗಿದ್ದೆ, ಏನು ಬೇಕಾದರೂ ಹೇಳಬಹುದಿತ್ತು. ಅವಳು ಈಗಲೂ ನಂಬುತ್ತಿದ್ದಳು.

“ಇದ್ದೆ” ಅಂದೆ. “ಬಾಗಿಲ ಹಿಂದೇನೇ ನಿಂತಿದ್ದೆ.”

ಅವಳು ಸೀಟಿ ಊದಿ ಮಕ್ಕಳನ್ನು ದೂರ ಕಳಿಸಿದ್ದು ಕೇಳಿಸಿತು.

“ನಾನೇ ಏನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ದೆ ಮೇಡಂ. ಏನು ಅಂತ ಎಷ್ಟು ಯೋಚ್ನೆ ಮಾಡಿದ್ರೂ ಗೊತ್ತಾಗ್ಲಿಲ್ಲ. ಈಗ್ಲೂ ಒಂದೊಂದ್ಸಲ ಯೋಚ್ನೆ ಮಾಡ್ತೀನಿ.”

“ನಿಂದೇನೂ ಇರ್ಲಿಲ್ಲ ಕಣಮ್ಮ. ನಾನು ಹೇಡಿ, ಅಷ್ಟೇ” ಅಂದೆ.

“ಸರಿ ಮೇಡಂ. ಮಕ್ಕಳು ಕಾಯ್ತಿದಾರೆ, ಇಡ್ತೀನಿ” ಅಂದು ಇಟ್ಟಳು. ಸಿಟ್ಟಿರಲಿಲ್ಲ, ಮತ್ತೆ ಮಾಡುತ್ತೇನೆ ಎಂದೂ ಹೇಳಲಿಲ್ಲ.

ಕೆನ್ನೆಯ ಗೆರೆ ಎಂದೋ ಅಳಿಸಿಹೋಗಿತ್ತು. ಕೊರಗಿದ್ದೆಲ್ಲ ನಾನು ಆ ಗೆರೆಗಾಗಿ. ಮುಚ್ಚಿದ ಬಾಗಿಲ ಆಚೆ ನಿಂತವಳಿಗೆ ಏನನ್ನಿಸಿರಬಹುದು ಎಂದು ಒಂದು ದಿನಕ್ಕೂ ಕೇಳಿಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಕಾವ್ಯ ಕೆಲಸಕ್ಕೆ ಹೊರಟವಳು ಗೇಟಿನ ಹತ್ತಿರ ನಿಂತು, ಎಣ್ಣೆ ಹೇಗಿದೆ ಆಂಟಿ, ಒಬ್ಬರೇ ಕೂತು ಏನ್ ಯೋಚ್ನೆ, ಎಂದು ಕೇಳಿದಳು. ಎಂದಿನ ಮಾತು ಬಾಯಿಗೆ ಬಂದೇಬಿಟ್ಟಿತ್ತು, ನಮ್ಮನೆಗೆ ಯಾರು ಬರ್ತಾರಮ್ಮ ಎಂದು. ಹೇಳಲಾಗಲಿಲ್ಲ. ಬಂದಿದ್ದಳು. ಮೂರು ಸಲ ಬಂದಿದ್ದಳು.