ಗಿರಣಿ ಅತ್ತಿ ಕುದುರೆ ಹತ್ತಿದ್ದು

ಹುಬ್ಬಿನ ಮೇಲೆ ಹಿಟ್ಟು. ಓಣಿಗೆಲ್ಲ ಅತ್ತೆಯಾಗಿದ್ದ ಗಿರಣಿ ಅತ್ತಿ ಅಂದರೆ ನನಗೆ ಮೊದಲು ನೆನಪಾಗುವುದು ಅದೇ. ಸೆರಗನ್ನು ತಲೆಗೆ ಎಷ್ಟೇ ಬಿಗಿಯಾಗಿ ಸುತ್ತಿಕೊಂಡರೂ ಜೋಳದ ಹಿಟ್ಟು ಹೇಗೋ ನುಸುಳಿ ಎರಡೂ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಸಣ್ಣ ರೋಮ ಎಲ್ಲವನ್ನೂ ಬೆಳ್ಳಗೆ ಮಾಡಿಬಿಡುತ್ತಿತ್ತು. ಆ ಬಿಳಿ ಹುಬ್ಬುಗಳ ಕೆಳಗೆ ಚುರುಕು ಕಣ್ಣು. ಹೊಸದಾಗಿ ನೋಡಿದವರಿಗೆ ಸಿಟ್ಟಿನ ಹೆಂಗಸು ಅನಿಸಬೇಕು. ನನಗೂ ಹಾಗೇ ಅನಿಸಿತ್ತು.

ನಾನು ಮೂಡಲಗಿಗೆ ಬಂದದ್ದು ಅರಭಾವಿಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತೆಂದು. ಅದು ಹೇಳಿಕೊಳ್ಳುವ ಕಾರಣ. ಹೇಳಿಕೊಳ್ಳದ ಕಾರಣವೆಂದರೆ, ಗಂಡನ ಮನೆ ಬಿಟ್ಟು ಬಂದಿದ್ದೆ, ತವರಿಗೆ ಹೋಗಿ ಕೂರಲು ಮನಸ್ಸಿರಲಿಲ್ಲ. ಒಂಟಿ ಹೆಂಗಸಿಗೆ ಬಾಡಿಗೆಗೆ ಮನೆ ಸಿಗುವುದು ಸುಲಭವಲ್ಲ. ಗಂಡ ಎಲ್ಲಿ, ಮಕ್ಕಳೆಷ್ಟು, ಯಾರು ಬಂದು ಹೋಗುತ್ತಾರೆ ಎಂದೆಲ್ಲ ಕೇಳಿ, ಎಲ್ಲಕ್ಕೂ ಉತ್ತರ ಪಡೆದ ಮೇಲೆ ಇಲ್ಲ ಅನ್ನುತ್ತಾರೆ. ಅತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಗಿರಣಿ ಸಪ್ಪಳಾ ತಡ್ಕೋತೀ ಏನವಾ?" ತಡ್ಕೋತೀನ್ರಿ ಅಂದೆ. ಗಿರಣಿಯ ಹಿಂದಿನ ಖೋಲಿಯ ಕೀಲಿಯನ್ನು ಕೈಗಿಟ್ಟರು.

ಅವರು ಹುಕ್ಕೇರಿ ತಾಲೂಕಿನ ಹತ್ತರಗಿಯವರು. ಮದುವೆಯಾಗಿ ಮೂಡಲಗಿಯ ಈ ಹಿಟ್ಟಿನ ಗಿರಣಿಗೆ ಬಂದಿದ್ದರು. ಮಕ್ಕಳಾಗಲಿಲ್ಲ. ಗಂಡ ಬೇಗ ತೀರಿಕೊಂಡರು. ಇನ್ನೂ ಸಾಲಿ ಕಲಿಯುತ್ತಿದ್ದ ಮೈದುನನನ್ನು ಇದೇ ಗಿರಣಿ ನಡೆಸಿ ಓದಿಸಿದರು. ಅವನು ಗೋಕಾಕದಲ್ಲಿ ನೌಕರಿ ಹಿಡಿದು, ಮನೆ ಕಟ್ಟಿಸಿ, ಹಬ್ಬಕ್ಕೊಮ್ಮೆ ಸೀರೆ ತಂದುಕೊಟ್ಟು ಹೋಗುತ್ತಿದ್ದ. ಕೆಟ್ಟವನಲ್ಲ. ಬಂದವನು ಚಹಾ ಕುಡಿಯುವಷ್ಟು ಹೊತ್ತು ಕೂರುತ್ತಿದ್ದ, ಅಷ್ಟೆ.

ಇಡೀ ಆಯುಷ್ಯವನ್ನು ಸದ್ದಿನ ನಡುವೆ ಕಳೆದ ಅತ್ತಿಗೆ ಮೆಲ್ಲಗೆ ಮಾತಾಡುವುದು ಬರುತ್ತಲೇ ಇರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಗುಟ್ಟು ಹೇಳಿದರೂ ಓಣಿಯ ಆ ತುದಿಗೆ ಕೇಳುತ್ತಿತ್ತು. ಅದು ಅವರಿಗೂ ಗೊತ್ತು. ಆದ್ದರಿಂದ ಗುಟ್ಟಿನ ಮಾತನ್ನು ಗಿರಣಿ ಚಾಲೂ ಇದ್ದಾಗಲೇ ಹೇಳುತ್ತಿದ್ದರು. ಕಿವಿಯ ಹತ್ತಿರ ಬಾಯಿ ತಂದು ಒದರುತ್ತಿದ್ದರು. ಅರ್ಧ ಕೇಳಿ, ಅರ್ಧ ತುಟಿ ನೋಡಿ ತಿಳಿದುಕೊಳ್ಳುವುದನ್ನು ನಾನು ಬೇಗ ಕಲಿತೆ.

ಕೆಲಸದಲ್ಲಿ ಅವರದೊಂದು ಶಿಸ್ತು ಇತ್ತು. ಒಬ್ಬರ ಗೋಧಿ ಬೀಸಿದ ಮೇಲೆ ಇನ್ನೊಬ್ಬರ ಜೋಳ ಬಂದರೆ, ನಡುವೆ ತಮ್ಮದೇ ಡಬ್ಬಿಯಿಂದ ಒಂದು ಬೊಗಸೆ ಜೋಳ ಸುರಿದು ಕಲ್ಲು ತೊಳೆಯುತ್ತಿದ್ದರು. "ಒಬ್ಬರ ಮನಿ ಹಿಟ್ಟು ಇನ್ನೊಬ್ಬರ ಮನಿಗಿ ಹೋಗಬಾರ್ದು" ಅನ್ನುವರು. ಹಾಗೆ ಕಲ್ಲು ತೊಳೆದ ಹಿಟ್ಟು ಬೇರೆ ಬುಟ್ಟಿಗೆ. ಅದರಲ್ಲಿ ಗೋಧಿ, ಸಜ್ಜೆ, ಕಡಲೆ, ಗೋವಿನಜೋಳ ಎಲ್ಲದರ ಬೆರಕೆ. ಅತ್ತಿ ರೊಟ್ಟಿ ಬಡಿಯುತ್ತಿದ್ದುದು ಆ ಹಿಟ್ಟಿನಿಂದ. ಒಂದು ದಿನದ ರುಚಿ ಇನ್ನೊಂದು ದಿನ ಇರುತ್ತಿರಲಿಲ್ಲ. ಒಬ್ಬಾಕೆಗೆ ರೊಟ್ಟಿ ಬಡಿಯುವುದು ಬೇಸರವೆಂದು ನನ್ನನ್ನೂ ಊಟಕ್ಕೆ ಕರೆಯತೊಡಗಿದರು. "ನಮ್ಮ ರೊಟ್ಟ್ಯಾಗ ಊರ ಮಂದಿ ಎಲ್ಲಾ ಅದಾರ ನೋಡ" ಎಂದು ನಗುತ್ತಿದ್ದರು. ತಾಟಿನ ಮುಂದೆ ಮಾತ್ರ ನಾವಿಬ್ಬರೇ.

ಸರತಿಯಲ್ಲಿ ಎಷ್ಟೇ ಜನರಿರಲಿ, ಮದುವೆಯ ಮೆರವಣಿಗೆ ಬಂತೆಂದರೆ ಅತ್ತಿ ಗಿರಣಿ ಬಂದ್ ಮಾಡಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಮ್ಮ ಕಡೆ ಮದುಮಗ ಕುದುರೆ ಏರಿ ಹಣಮಪ್ಪನ ಗುಡಿಗೆ ಹೋಗಿ ಬರುತ್ತಾನಷ್ಟೆ. ಅತ್ತಿ ಮದುಮಗನಿಗೆ ಮರ್ಯಾದೆ ಕೊಡುತ್ತಾರೆಂದು ಓಣಿಯವರು ತಿಳಿದಿದ್ದರು. ಒಮ್ಮೆ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಮದುಮಗನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಕುದುರೆಯನ್ನೇ ನೋಡುತ್ತಿದ್ದರು.

"ಏನ್ ನೋಡ್ತೀರಿ ಅತ್ತಿ?" ಎಂದು ಕೇಳಿದೆ. ಅವರು ಒಳಗೆ ಹೋಗಿ ಗಿರಣಿ ಚಾಲೂ ಮಾಡಿದರು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿದರು.

"ಹತ್ತರಗ್ಯಾಗ ನಮ್ಮ ಕಾಕಾನ ಮದುವಿ. ನಾ ಇನ್ನಾ ಸಣ್ಣಾಕಿ, ಪರಕಾರ ಉಡಾಕಿ. ಮದಿಮಗನ ಮುಂದ ಒಂದ ಕೂಸನ್ನ ಕುಂದರಸ್ತಾರಲ್ಲ, ನಾನ ಕುಂದರಾಕಿ ಅಂತ ಕಟ್ಟೀ ಮ್ಯಾಲಿಂದ ಹತ್ತಿ ಕುಂತಬಿಟ್ಟಿದ್ನಿ. ನಮ್ಮ ಮುದಕಿ ಆಯಿ ಬಂದು ರಟ್ಟಿ ಹಿಡದ ಎಳದ ಇಳಿಸಿದ್ಲು. ಅದು ಗಂಡಹುಡುಗ್ರು ಕುಂದರೂ ಜಾಗಾ ಅಂದ್ಲು. ನನ್ನ ತಮ್ಮನ್ನ ಏರಿಸಿದ್ರು. ಅಂವಾ ಅಂಜಿ ದಾರಿಗುಂಟ ಅತ್ತ. ನಾ ಕೆಳಗ ನಿಂತ ನೋಡಿದ್ನಿ."

ಜೋಳ ಮುಗಿದು ಕಲ್ಲು ಬರಿದೇ ತಿರುಗುತ್ತಿತ್ತು. ಅವರಿಗೆ ಅದರ ಗಮನವೇ ಇರಲಿಲ್ಲ.

"ಒಮ್ಮೆ ಹತ್ತಬೇಕು ನೋಡ. ಯಾರ ಮದುವಿಗೂ ಅಲ್ಲ, ಸುಮ್ನ ಹತ್ತಬೇಕು. ಈ ಮಣಕಾಲು ಇನ್ನೊಂದ ವರ್ಷ ನನ್ನ ಮಾತ ಕೇಳ್ತಾವೋ ಇಲ್ಲೋ. ಆಮ್ಯಾಲ ಕುದರಿ ಬಾಗಲಿಗಿ ಬಂದ್ರೂ ಹತ್ತಾಕ ಆಗಾಂಗಿಲ್ಲ."

ಅರವತ್ತು ದಾಟಿದ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹೋಗೋಣ ಬರ್ರಿ ಅಂದೆ.

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆತನ ಅವರದು, ಗಿರಣಿಗೂ ಅಂದು ರಜೆ. ಒಂದು ಸೋಮವಾರ ನಾನೂ ರಜೆ ಹಾಕಿದೆ. ಮದುವೆಗೆ ಕುದುರೆ ಬಾಡಿಗೆ ಕೊಡುವವನನ್ನು ಹುಡುಕಿಕೊಂಡು ಬಸ್ಸಿನಲ್ಲಿ ಗೋಕಾಕಕ್ಕೆ ಹೋದೆವು. ಆಷಾಢ ನಡೆದಿತ್ತು. ಮದುವೆಗಳಿಲ್ಲದ ತಿಂಗಳಾದ್ದರಿಂದ ಕುದುರೆಯವನು ಬೇವಿನ ಮರದ ಕೆಳಗೆ ಬಿಳಿ ಕುದುರೆಯನ್ನು ಕಟ್ಟಿ, ತಾನು ಬಾಜೂಕ್ಕೆ ಹೊರಸು ಹಾಕಿಕೊಂಡು ಮಲಗಿದ್ದ. ಗಿರಾಕಿ ಬಂದರೆಂದು ಎದ್ದು ಕೂತ.

"ಮದುವಿ ಯಾವಾಗ ಐತ್ರಿ?"

"ಮದುವಿ ಇಲ್ಲ."

"ಮತ್ತ ಕುದರಿ ಯಾರಿಗ್ರಿ?"

"ನನಗ."

ಅವನು ನನ್ನ ಕಡೆ ನೋಡಿದ. ಮನೆಯವರು ಯಾರಾದರೂ ವಿವರಿಸಿ ಹೇಳುತ್ತಾರೇನೋ ಎಂಬ ನಿರೀಕ್ಷೆ. ನಾನು ಕುದುರೆಯನ್ನು ನೋಡತೊಡಗಿದೆ.

"ಆಷಾಢದಾಗ ಕುದರಿ ಸಿಂಗಾರ ಮಾಡಿ ಹೊರಗ ತಗದ್ರ ಮಂದಿ ಏನಂತಾರ್ರಿ?"

"ಆಷಾಢ ಮಂದಿಗಿ. ನಿನ್ನ ಕುದರಿ ಹುಲ್ಲ ತಿನ್ನೂದ ಬಿಟ್ಟೈತೇನು?"

ಆ ಗಂಟಲಿಗೆ ಕುದುರೆ ಕಿವಿ ನಿಮಿರಿಸಿತು. ಕುದುರೆಯವನು ಸೋತ. ಮೂಡಲಗಿಯಲ್ಲಿ ಎಲ್ಲರೂ ಗುರುತಿನವರು, ಬೇಡ; ಗೋಕಾಕದಲ್ಲಿ ಮೈದುನನ ಮನೆ ಇದೆ, ಅದೂ ಬೇಡ. ಕೊನೆಗೆ ಮೇಲವಂಕಿಯ ಹತ್ತಿರದ ಹೊಲದ ದಾರಿ, ಮುಂದಿನ ಸೋಮವಾರ ಮುಂಜಾನೆ ಎಂದು ಗೊತ್ತಾಯಿತು.

ಆ ದಿನ ಅತ್ತಿ ತಲೆಗೆ ಎರೆದುಕೊಂಡು, ಟ್ರಂಕಿನಲ್ಲಿದ್ದ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೊರಬಂದರು. ಮೈಮೇಲೆ ಒಂದು ಕಣ ಹಿಟ್ಟಿರಲಿಲ್ಲ. ಹುಬ್ಬು ಮಾತ್ರ ಬೆಳ್ಳಗೇ ಇತ್ತು. ಇಷ್ಟು ದಿನ ನಾನು ಹಿಟ್ಟೆಂದು ತಿಳಿದದ್ದು ಹಿಟ್ಟಾಗಿರಲಿಲ್ಲ. ಹತ್ತಿರ ಹೋಗಿ ಅವರ ಸೆರಗು ಸರಿಮಾಡಿದೆ.

ಮೇಲವಂಕಿಯ ಹೊಲದ ದಾರಿಯಲ್ಲಿ ಒಂದು ಸಣ್ಣ ಸೇತುವೆಯ ಕಟ್ಟೆ ಇತ್ತು. ಕುದುರೆಯವನು ಕುದುರೆಯನ್ನು ಅದರ ಮಗ್ಗುಲಿಗೆ ತಂದು ನಿಲ್ಲಿಸಿದ. ಬೆನ್ನಿಗೆ ಜೂಲು, ಕಾಲಿಗೆ ಗೆಜ್ಜೆ, ಹಣೆಯ ಮೇಲೆ ಗೊಂಡೆ, ಏನನ್ನೂ ಬಿಟ್ಟಿರಲಿಲ್ಲ. ರೂಢಿಯ ಪ್ರಕಾರ "ತಲಿಗಿ ಪಟಗಾ ಸುತ್ತೂದೈತೇನ್ರಿ?" ಎಂದೂ ಕೇಳಿದ. ಅತ್ತಿ ಸೆರಗನ್ನೇ ತಲೆಗೆ ಬಿಗಿದರು. ಕಟ್ಟೆ ಹತ್ತಿ, ನನ್ನ ಹೆಗಲ ಮೇಲೆ ಭಾರ ಬಿಟ್ಟು, ಮೊಣಕಾಲಿಗೆ ಬೈಯುತ್ತ ಬೈಯುತ್ತ ಕಾಲು ದಾಟಿಸಿ ಕೂತರು. ಕೂತು ಒಂದು ಉಸಿರು ಬಿಟ್ಟರು. "ಎಷ್ಟ ಎತ್ತರ ಐತೆ ಇದು" ಅಂದರು.

ಕುದುರೆ ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಹಗ್ಗ ಜಗ್ಗಿದರೂ ಕದಲಲಿಲ್ಲ. ಮೆರವಣಿಗೆಯಲ್ಲಿ ಬ್ಯಾಂಡಿನ ಮುಂದೆ ಕುಣಿಯುವವರಿಗಾಗಿ ನಿಂತು ನಿಂತು ಅದಕ್ಕೆ ಅದೇ ನಡಿಗೆ ಆಗಿಹೋಗಿತ್ತು. "ಬ್ಯಾಂಡ್ ಇಲ್ಲದ ನಡಿಯಾಕ ಅದಕ್ಕ ಗೊತ್ತಿಲ್ರಿ" ಎಂದ ಕುದುರೆಯವನು, ಮೊಬೈಲಿನಲ್ಲಿ ಬ್ಯಾಂಡಿನ ಹಾಡು ಹಚ್ಚಿ ಅಂಗಿಯ ಕಿಸೆಯಲ್ಲಿಟ್ಟ. ಕುದುರೆ ತಲೆಯಾಡಿಸಿ ಹೊರಟಿತು. ಮುಂದೆ ಯಾರಾದರೂ ಇದ್ದರೆ ಚೆನ್ನಾಗಿ ನಡೆಯುತ್ತದೆಂದು ಅವನು ಹೇಳಿದ್ದರಿಂದ ನಾನು ಮುಂದೆ ನಡೆದೆ. ಎರಡೂ ಬದಿ ಆಳೆತ್ತರದ ಕಬ್ಬು. ಮುಂದೆ ನಾನು, ಹಗ್ಗ ಹಿಡಿದ ಕುದುರೆಯವನ ಕಿಸೆಯೊಳಗೆ ಬ್ಯಾಂಡು, ಕುದುರೆಯ ಮೇಲೆ ಅತ್ತಿ. ಮೂವರ ಮೆರವಣಿಗೆ.

ದಾರಿ ಕವಲೊಡೆಯುವಲ್ಲಿ ಒಂದು ಹಣಮಪ್ಪನ ಗುಡಿ ಬಂತು. ಯಾರೂ ಹೇಳದೆಯೇ ಕುದುರೆ ಅತ್ತ ತಿರುಗಿ ಬಾಗಿಲ ಮುಂದೆ ನಿಂತುಬಿಟ್ಟಿತು. ಮದುಮಗನ ಕುದುರೆ ಮನೆ ಮುಂದೆ ಬಂದರೆ ತಂಬಿಗೆ ನೀರು ತಂದು ಅದರ ಕಾಲಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಗುಡಿಯ ಪಕ್ಕದ ಮನೆಯಿಂದ ಬೆನ್ನು ಪೂರ್ತಿ ಬಾಗಿದ ಮುದುಕಿಯೊಬ್ಬಳು ಬ್ಯಾಂಡು, ಗೆಜ್ಜೆ ಕೇಳಿಸಿಕೊಂಡು ತಂಬಿಗೆ ಹಿಡಿದು ಬಂದಳು. ಅವಳಿಗೆ ಕಾಣುತ್ತಿದ್ದುದು ಕುದುರೆಯ ಕಾಲು ಮಾತ್ರ. ನೀರು ಹಾಕಿ, ನೆಲ ನೋಡುತ್ತಲೇ ಹೇಳಿದಳು:

"ಚೆಂದಂಗ ಬಾಳ್ವಿ ಮಾಡಪಾ ನನ ಮಗನ. ಹೆಂಡ್ತೀನ್ನ ಬಡೀಬ್ಯಾಡ."

"ಇಲ್ಲ ಬೇ, ಬಡ್ಯಾಂಗಿಲ್ಲ!" ಎಂದರು ಅತ್ತಿ ಮೇಲಿನಿಂದ, ಗಿರಣಿಯ ಗಂಟಲಿನಲ್ಲಿ.

ಮುದುಕಿ ಬೆಚ್ಚಿ, ಸೊಂಟಕ್ಕೆ ಕೈ ಕೊಟ್ಟು ಕಷ್ಟಪಟ್ಟು ಮುಖ ಎತ್ತಿದಳು. ಬಿಳಿಹುಬ್ಬಿನ ಹೆಂಗಸನ್ನು ಬಹಳ ಹೊತ್ತು ನೋಡಿದಳು. "ಹೆಣಮಗಳ ಅದಿಯಲ್ಲಬೇ" ಅಂದಳು. ಆಮೇಲೆ, "ಇರ್ಲಿ ಬಿಡು. ನೀರ ಹಾಕಿದ್ದು ಹಾಕಿದ್ದ. ಚೆಂದಂಗ ಇರು" ಎಂದು ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಕುದುರೆಯವನು ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುತ್ತಿದ್ದ. ನಾನೂ ನಕ್ಕೆ, ಬಹಳ ದಿನಗಳ ಮೇಲೆ. ಆ ಮುದುಕಿ ಹೇಳಿದ ಮಾತನ್ನು ನನ್ನ ಮದುವೆಯಲ್ಲಿ ಯಾರೂ ಹೇಳಿರಲಿಲ್ಲವಲ್ಲ ಎಂದು ಅನಿಸಿ ಕಣ್ಣೂ ತುಂಬಿ ಬಂದವು.

ಇಳಿದ ಮೇಲೆ ಅತ್ತಿ ಕುದುರೆಯ ಕುತ್ತಿಗೆ ತಟ್ಟಿದರು. ಸಂತೋಷದಿಂದ ಊರೆಲ್ಲ ಕೇಳುವಂತೆ ಮಾತಾಡುತ್ತಾರೆಂದು ನಾನು ಕಾದಿದ್ದೆ. ಅವರು ಸೆರಗು ಕೊಡವಿ ಬಸ್ಸಿನ ದಾರಿ ಹಿಡಿದರು. ಬಸ್ಸು ಹತ್ತಿ, ಅದು ದೊಡ್ಡ ರಸ್ತೆಗೆ ಬಂದು ಎಂಜಿನ್ನು ಜೋರಾಗಿ ಗುರುಗುಟ್ಟತೊಡಗಿದ ಮೇಲೆ ನನ್ನ ಕಿವಿಯತ್ತ ಬಾಗಿದರು.

"ಚೊಲೋ ಇತ್ತು ಖರೆ. ಆದ್ರ ಮ್ಯಾಲೆ ಕುಂತು ಹಿಂದ ಹಿಂದ ತಿರುಗಿ ನೋಡಾಕತ್ತಿದ್ನಿ. ಆಯಿ ಬರ್ತಾಳೇನು, ಅವ್ವ ಬರ್ತಾಳೇನು ಅಂತ. ಬೈಯಾಕರೆ ಯಾರಾರ ಬರಬೇಕಿತ್ತು. ಇವತ್ತ ನನ್ನ ಎಳದ ಇಳಸಾಕ ಒಬ್ಬರೂ ಬರ್ಲಿಲ್ಲ ನೋಡ."

ನಾನು ಅವರ ಕೈ ಹಿಡಿದುಕೊಂಡೆ. ಅಂಗೈ ಗಿರಣಿಯ ಕಲ್ಲಿನಷ್ಟೇ ಒರಟು. ಅವರು ಮತ್ತೆ ಕಿವಿಯತ್ತ ಬಾಗಿದರು: "ಮಂದಿ ಮುಂದ ಹೇಳಬ್ಯಾಡ. ನಗತಾರ ಅಂತಲ್ಲ. ಯಾಕ ಹತ್ತಿದಿ ಅಂತ ಕೇಳ್ತಾರ. ಅದಕ್ಕ ನನ್ನ ಕಡೆ ಉತ್ತರ ಇಲ್ಲ."

ಅದೇ ಮಳೆಗಾಲದಲ್ಲಿ ನಾನೊಬ್ಬಳೇ ಗೋಕಾಕ ಫಾಲ್ಸಿಗೆ ಹೋದೆ. ಚಿಕ್ಕವಳಿದ್ದಾಗಿನಿಂದ ಯಾರಾದರೂ ಕರೆದುಕೊಂಡು ಹೋಗಲಿ ಎಂದು ಕಾದದ್ದು. ಅಪ್ಪ ಮುಂದಿನ ವರ್ಷ ಅನ್ನುತ್ತಿದ್ದರು, ಗಂಡ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕೆಂಪು ನೀರು ಧುಮುಕುವುದನ್ನು ನೋಡುತ್ತ, ತುಂತುರಿಗೆ ಸೀರೆ ತೊಯ್ಯುವವರೆಗೂ ನಿಂತೆ. ಪಕ್ಕದಲ್ಲಿದ್ದವರು ಫೋಟೊ ತೆಗೆದುಕೊಡಲು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ತೆಗೆದುಕೊಟ್ಟೆ. ನನ್ನದನ್ನು ತೆಗೆಯಿರಿ ಎಂದು ಕೇಳಲು ಬಾಯಿ ಬರಲಿಲ್ಲ. ಆದರೂ ಹೋದದ್ದಕ್ಕೆ ಖುಷಿಯಿತ್ತು. ಅತ್ತಿ ಇಲ್ಲದಿದ್ದರೆ ಈ ಹೊತ್ತಿಗೂ ಯಾರೋ ಕರೆಯಲಿ ಎಂದು ಕೂತೇ ಇರುತ್ತಿದ್ದೆ.

ಮೊಣಕಾಲು ಅವರು ಹೇಳಿದಂತೆಯೇ ಕೈಕೊಟ್ಟವು. ಗಿರಣಿ ಮಾರಿ ಮೈದುನ ಅವರನ್ನು ಗೋಕಾಕಕ್ಕೆ ಕರೆದುಕೊಂಡು ಹೋದ. ನಾನು ಬೇರೆ ಮನೆ ಹಿಡಿದೆ. ಆಗಾಗ ನೋಡಲು ಹೋಗುತ್ತಿದ್ದೆ. ನೆಲಕ್ಕೆ ಬಿಳಿ ಟೈಲ್ಸ್ ಹಾಕಿದ, ಮಕ್ಕಳು ಓದುತ್ತಾರೆಂದು ಯಾರೂ ಸದ್ದು ಮಾಡದ ಮನೆ. ಅತ್ತಿ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಒಮ್ಮೆ ಮಾತ್ರ, ಹೊರಗೆ ಟ್ರ್ಯಾಕ್ಟರೊಂದು ಹಾಯ್ದಾಗ, ಅವಸರದಿಂದ ನನ್ನ ಕಿವಿಗೆ ಬಾಯಿ ತಂದರು: "ಮೆಲ್ಲಗ ಮಾತಾಡಾಕ ಬರಾಂಗಿಲ್ಲವಾ ನನಗ. ಅದಕ್ಕ ಸುಮ್ನ ಇದ್ದಬಿಡ್ತೇನಿ."

ಹೋದ ಚಳಿಗಾಲದಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ಮಣ್ಣು ಮಾಡಿದ ಮೇಲೆ. ಮನೆಯವರನ್ನು ಮಾತಾಡಿಸಲು ಹೋದೆ. ಅಂಗಳದಲ್ಲಿ ಹಾಸಿದ ಜಮಖಾನೆಯ ಮೇಲೆ ಬೀಗರು, ನೆರೆಯವರು ಕೂತಿದ್ದರು. ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ಮೈದುನನ ಹೆಂಡತಿ ನನ್ನ ಕೈಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಳು.

"ಪಾಪ, ನಮ್ಮ ಅಕ್ಕಾಗ ಒಂದ ಆಸೆ ಇರ್ಲಿಲ್ಲ ನೋಡ್ರಿ. ಜೀವನದಾಗ ಹಿಟ್ಟ ಬೀಸಿದ್ದೊಂದ ಬಿಟ್ರ ಏನೂ ಕಾಣಲಿಲ್ಲ."

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಹೇಳಬ್ಯಾಡ ಎಂದದ್ದು ನೆನಪಿತ್ತು. ಆದರೆ ಯಾಕೆ ಹತ್ತಿದಿ ಎಂದು ಕೇಳಿಸಿಕೊಳ್ಳಲು ಅತ್ತಿ ಇನ್ನು ಇರಲಿಲ್ಲ, ನಾನಿದ್ದೆ.

"ಇಲ್ರೀ, ಅವ್ರು ಕುದರಿ ಹತ್ತಿದ್ರು" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಕುದರೀನಾ? ಯಾರ ಮದುವ್ಯಾಗ್ರಿ?"

"ಯಾರ ಮದುವ್ಯಾಗೂ ಅಲ್ರಿ."

ಅವಳು ನನ್ನನ್ನು ಅರೆಕ್ಷಣ ನೋಡಿದಳು. ದುಃಖದಲ್ಲಿ ಏನೋ ಮಾತಾಡುತ್ತಿದ್ದೇನೆ ಅಂದುಕೊಂಡಳೇನೋ, ನನ್ನ ಬೆನ್ನು ಸವರಿ, ಹೊಸದಾಗಿ ಬಂದವರಿಗೆ ಚಹಾ ತರಲು ಎದ್ದು ಹೋದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಒಬ್ಬಳೇ ಫಾಲ್ಸಿಗೆ ಹೋಗಿ ಬಂದ ನನ್ನ ಹತ್ತಿರ ಹೇಳಲು ಉತ್ತರವಿತ್ತು.