ಬಿಳಿ ಆರರ ಮದ್ದಳೆ

ಕೋಟೇಶ್ವರದ ಪಾಂಡುವಿಗೆ ಒಂದು ಚಾಳಿ ಇತ್ತು. ಯಾರ ಮನೆಗೆ ಹೋದರೂ ಮೊದಲು ಅಟ್ಟದ ಕಡೆ ಕಣ್ಣು. ಕುಡಿಯಲು ಕೊಟ್ಟ ಬೆಲ್ಲ ನೀರು ಗಂಟಲಿಳಿಯುವ ಮೊದಲೇ, "ಮೇಲೆ ಹಳೇ ಮದ್ದಳೆ ಎಂತಾರೂ ಇತ್ತಾ?" ಎಂದು ಕೇಳಿಯೇ ಬಿಡುತ್ತಿದ್ದ. ಒಮ್ಮೆ ಸಾವಿನ ಮನೆಯಲ್ಲೂ ಹೀಗೆ ಕೇಳಿದ್ದಕ್ಕೆ ಹೆಂಡತಿ ಚಂದ್ರಾವತಿ ಎರಡು ದಿನ ಅವನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಮಾತಾಡಿದ್ದೂ ಅದೇ ವಿಷಯಕ್ಕೆ: ಒಲೆಯ ಮೇಲಿನ ಗಳುವಿಗೆ ಚರ್ಮ ನೇತುಹಾಕಬೇಡಿ, ಸಾರೆಲ್ಲ ವಾಸನೆ ಬರುತ್ತದೆ ಎಂದು.

ಅವನದು ದೇವಸ್ಥಾನದಲ್ಲಿ ವಾದ್ಯ ನುಡಿಸುವ ಮನೆತನ. ಆ ಸೇವೆ ಅಣ್ಣನ ಪಾಲಿಗೆ ಹೋಯಿತು. ಪಾಂಡು ಹಳೆಯ ಮದ್ದಳೆಗಳನ್ನು ಕೊಂಡು, ಬಿಚ್ಚಿ, ಹೊಸ ಚರ್ಮ ಹಾಕಿ, ಯಕ್ಷಗಾನ ಮೇಳದವರಿಗೆ ಕೊಡುವ ಕೆಲಸ ಹಿಡಿದ. ಕೆಲಸ ಎಂದು ಹೇಳುವುದಷ್ಟೇ, ನಿಜ ಹೇಳಬೇಕೆಂದರೆ ಅವನಿಗೆ ಬೇಕಾದದ್ದು ಕೊಡುವುದೂ ಅಲ್ಲ, ಕೊಳ್ಳುವುದೂ ಅಲ್ಲ, ಬಿಚ್ಚುವುದು. ಬಾಯಿಯ ಚರ್ಮ ಕಳಚಿ, ಟೊಳ್ಳು ಮರದೊಳಗೆ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾ ಕುಳಿತನೆಂದರೆ ಗಂಜಿ ತಣ್ಣಗಾದರೂ ಏಳುವವನಲ್ಲ. ಹಲಸಿನದೋ ಕಕ್ಕೆಯದೋ, ಮರ ಎಷ್ಟು ವರ್ಷ ಒಣಗಿತ್ತು, ಕೊರೆದವನ ಉಳಿ ಯಾವ ಕಡೆಯಿಂದ ನಡೆದಿದೆ, ನುಡಿಸಿದವನು ಎಷ್ಟು ಬೆವರಿದ್ದಾನೆ, ಎಲ್ಲ ಅಲ್ಲಿ ಅವನಿಗೆ ಸಿಗುತ್ತಿತ್ತು. ಒಂದು ನೇಮ ಮಾತ್ರ ಬಿಟ್ಟವನಲ್ಲ. ಚರ್ಮ ಬದಲಿಸುತ್ತಿದ್ದ, ಬಾರು ಬದಲಿಸುತ್ತಿದ್ದ, ಹಿಂದಿನವರು ಕೊರೆದ ಮರಕ್ಕೆ ಉಳಿ ಮುಟ್ಟಿಸುತ್ತಿರಲಿಲ್ಲ. ತೆಗೆದ ಮರವನ್ನು ಯಾವ ಬ್ರಹ್ಮನೂ ಮತ್ತೆ ಅಂಟಿಸಲಾರ ಎನ್ನುತ್ತಿದ್ದ.

ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿ. ಯುದ್ಧದಿಂದಾಗಿ ತಾಮ್ರ ಹಿತ್ತಾಳೆಗೆ ಎಲ್ಲಿಲ್ಲದ ಬೆಲೆ ಬಂದು, ಊರೂರಿನ ಅಟ್ಟಗಳು ಖಾಲಿಯಾಗುತ್ತಿದ್ದ ಕಾಲ. ಹಳೆ ಪಾತ್ರೆ ಕೊಳ್ಳುವ ಗೋವರ್ಧನ ವಂಡ್ಸೆ ಕಡೆಯಿಂದ ಗಾಡಿ ತುಂಬ ಹಂಡೆ ತಪ್ಪಲೆ ಹೇರಿಕೊಂಡು ಬಂದವನು, ಅದರ ನಡುವೆ ಸಿಕ್ಕಿಬಿದ್ದಿದ್ದ ಒಂದು ಮದ್ದಳೆಯನ್ನು ಪಾಂಡುವಿನ ಅಂಗಳಕ್ಕೆ ಇಳಿಸಿ ಹೋದ. ಎರಡು ಕಡೆಯ ಚರ್ಮವನ್ನೂ ಇಲಿ ತಿಂದಿತ್ತು. ಯಾವ ಮನೆಯದ್ದೆಂದು ಕೇಳಿದರೆ ಅವನಿಗೆ ನೆನಪಿಲ್ಲ. ಆ ದಿನ ಹದಿನೇಳು ಮನೆ ಹೊಕ್ಕಿದ್ದನಂತೆ.

ಪಾಂಡು ಅಂದೇ ಬಿಚ್ಚಿದ. ಕಕ್ಕೆ ಮರ. ಒಳಗಿನ ಉಳಿಯ ಗುರುತುಗಳು ಎಲ್ಲ ಮದ್ದಳೆಗಳಲ್ಲಿ ಇರುವುದಕ್ಕೆ ತಿರುವುಮುರುವಾಗಿ ಓರೆಯಾಗಿದ್ದವು. ನೋಡಿದ್ದೇ ತಡ, ಅವನ ಮುಖ ಅರಳಿತು. ಎಡಗೈಯಲ್ಲಿ ಉಳಿ ಹಿಡಿಯುತ್ತಿದ್ದವರು ಈ ಸೀಮೆಯಲ್ಲಿ ಒಬ್ಬರೇ, ವಂಡ್ಸೆಯ ದೇವು ಆಚಾರಿ. ಅವರು ತೀರಿಕೊಂಡು ಹತ್ತು ವರ್ಷ. ಅವರ ಕೈಯ ಮದ್ದಳೆ ಸಿಕ್ಕುವುದೆಂದರೆ ಸಾಮಾನ್ಯವೇ?

ಹೊಸ ಚರ್ಮ ಹಾಕಿ, ಅನ್ನ ಮತ್ತು ಕಬ್ಬಿಣದ ಕಿಟ್ಟದ ಪುಡಿ ಅರೆದ ಕಪ್ಪು ಕರಣೆಯನ್ನು ಬಲಬಾಯಿಯ ನಡುವೆ ಪದರ ಪದರವಾಗಿ ಮೆತ್ತಿ, ಬಾರು ಬಿಗಿದು ನುಡಿಸಿದಾಗ ಪಾಂಡುವಿನ ಉತ್ಸಾಹ ಇಳಿಯಿತು. ಮದ್ದಳೆಯ ಸ್ವರ ಹಾಡುವ ಭಾಗವತರ ಸ್ವರಕ್ಕೆ ಕೂಡಬೇಕು. ಹಾರ್ಮೋನಿಯಂನ ಬಿಳಿ ಮನೆ, ಕಪ್ಪು ಮನೆಗಳ ಲೆಕ್ಕದಲ್ಲಿ ಅದನ್ನು ಹೇಳುವುದು. ಪಾಂಡು ಬಲ್ಲ ಗಟ್ಟಿ ಗಂಟಲಿನ ಭಾಗವತರೂ ಬಿಳಿ ಐದು ದಾಟಿದವರಲ್ಲ. ಈ ಮದ್ದಳೆ ಇಂಪಾಗಿ ನುಡಿಯುತ್ತಿದ್ದದ್ದು ಬಿಳಿ ಆರಕ್ಕೆ. ಅದಕ್ಕಿಂತ ಇಳಿಸಿದರೆ ಮಡಕೆ ಬಡಿದ ಸದ್ದು.

"ಆಚಾರಿಗೆ ಆ ದಿವ್ಸ ಜ್ವರ ಬಂದಿತ್ತ್ ಕಾಂತ್," ಎಂದ ಹೆಂಡತಿಯೊಡನೆ. "ಬಾಯಿ ಸಣ್ಣ ಮಾಡಿ ಕೆಡ್ಸಿರ್."

ಒಂದು ತಿಂಗಳು ಅವನು ಸತ್ತವರನ್ನು ಬೈಯುತ್ತಾ ಕಳೆದ. ಕರಣೆ ದಪ್ಪ ಮಾಡಿದರೆ ಸ್ವರ ಇಳಿಯುತ್ತದೆಂದು ಮೆತ್ತಿದ, ಒಣಗಿ ಬಿರುಕು ಬಿಟ್ಟಿತು. ಕೆರೆದು ಮತ್ತೆ ಮೆತ್ತಿದ, ಮತ್ತೆ ಬಿರುಕು. ಮೂರನೆಯ ಸಲ ಇಡೀ ಕರಣೆ ರೊಟ್ಟಿಯ ಹಾಗೆ ಎದ್ದು ಬಂತು. ಮದ್ದಳೆ ಮಾಡುವವರಿಗಲ್ಲದೆ ಬೇರೆ ಯಾರಿಗೂ ಇಂಥ ತಪ್ಪು ಆಗಲಿಕ್ಕಿಲ್ಲ. ಆ ಸ್ವರಕ್ಕೆ ಹಾಡುವ ಭಾಗವತರು ಇಲ್ಲ, ಆದ್ದರಿಂದ ಆ ಸ್ವರವೇ ತಪ್ಪು ಎಂದು ಅವನು ತಿಳಿದಿದ್ದ.

ಈ ನಡುವೆ ಸಾಲಿಗ್ರಾಮದ ಕಡೆಯ ಮೇಳವೊಂದರ ಮದ್ದಳೆಗಾರ ಸೀನ ಬಂದ. ಆ ಮೇಳದ ಮದ್ದಳೆಗಳೆಲ್ಲ ದುರಸ್ತಿಗೆ ಬರುತ್ತಿದ್ದದ್ದು ಪಾಂಡುವಿನ ಹತ್ತಿರವೇ. ಬಾಯಿ ಕೆಡಿಸಿದ್ದಾರೆ ಎಂದು ಪಾಂಡು ದೂರಿದರೂ, ದೇವು ಆಚಾರಿಯ ಕೈಯದ್ದು ಎಂದು ಕೇಳಿ ಸೀನನಿಗೆ ಆಸೆ ಹುಟ್ಟಿತು.

"ಬಾಯಿ ಸಣ್ಣ ಆದ್ರೆ ಎಂತ ಆಯ್ತ್? ಒಳ್ಗಿಂದ ಕೆತ್ತಿ ಅಗ್ಲ ಮಾಡ್. ಬಿಳಿ ಮೂರಕ್ಕೆ ಇಳಿತ್ತ್. ಮೇಳ ಹೊರಡುದ್ರೊಳ್ಗೆ ನಂಗ್ ಬೇಕ್."

"ಆಚಾರಿ ಕೆತ್ತಿದ್ ಮರ ಅದ್. ನಾ ಮುಟ್ಟುದಿಲ್ಲೆ."

"ನೀನೇ ಅಲ್ದಾ ಕೆಡ್ಸಿರ್ ಅಂದದ್?"

ಕೆತ್ತದಿದ್ದರೆ ಮೇಳದ ಕೆಲಸವೇ ಬೇರೆಯವರಿಗೆ ಹೋಗುತ್ತದೆ ಎಂದು ಸೀನ ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದ. ಚಂದ್ರಾವತಿಗೆ ಅದು ಕೇಳಿಸಿತು. ಜಗಲಿಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ, ಬಾಯಿಗೆ ಬಂದ ಒಂದು ಹಾಡನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಪಾಂಡು ಬೇಸರದಲ್ಲಿ ಮದ್ದಳೆಯಲ್ಲಿ ಉಳಿದ ಕರಣೆ ಪೂರಾ ಕೆರೆದು, ತೆಳ್ಳಗೆ ಮೊದಲಿನ ಹಾಗೇ ಹಾಕಿ, ಒಣಗಿದ ಮೇಲೆ ಮರುದಿನ ಅಲ್ಲೇ ಕುಳಿತು ನುಡಿಸಿ ನೋಡಿದ. ಚಂದ್ರಾವತಿ ಅಂದೂ ಅದೇ ಹಾಡು ಹೇಳುತ್ತಾ ಅಕ್ಕಿ ಆರಿಸುತ್ತಿದ್ದಳು. ಪಾಂಡುವಿನ ಬೆರಳು ನಿಂತಿತು. ಅವಳ ಸ್ವರ ಮದ್ದಳೆಯ ಸ್ವರಕ್ಕೆ ಸರಿಯಾಗಿ ಹೋಗಿ ಕೂತಿತ್ತು.

ಅವನು ಅವಳನ್ನೇ ನೋಡಿದ. "ಎಂತ ಹಾಂಗ್ ಕಾಂತ್ರಿ? ಗಂಜಿ ಆಯ್ಲಿಲ್ಲೆ ಇನ್ನೂ," ಎಂದಳು.

ಪಾಂಡು ಮದ್ದಳೆಯನ್ನು ಬೆಳಕಿಗೆ ಹಿಡಿದು ಹೊರಮೈಯನ್ನು ಮತ್ತೊಮ್ಮೆ ತಿರುಗಿಸಿ ತಿರುಗಿಸಿ ನೋಡಿದ. ಮೇಳದ ಮದ್ದಳೆ ದೀವಟಿಗೆಯ ಎಣ್ಣೆ ಹೊಗೆ ಹಿಡಿದು ಕಪ್ಪಾಗಿರುತ್ತದೆ. ಸೊಂಟಕ್ಕೆ ಕಟ್ಟಿದ ಬಟ್ಟೆ ತಿಕ್ಕಿ ಒಂದು ಪಟ್ಟೆ ಸವೆದಿರುತ್ತದೆ. ಇದರಲ್ಲಿ ಹೊಗೆಯೂ ಇಲ್ಲ, ಪಟ್ಟೆಯೂ ಇಲ್ಲ. ಸವೆದದ್ದು ಅಡಿಯಲ್ಲಿ ಮಾತ್ರ, ತೊಡೆಯ ಮೇಲೆ ಇಟ್ಟುಕೊಂಡ ಜಾಗದಲ್ಲಿ. ಈ ಮದ್ದಳೆ ಒಂದು ದಿನವೂ ಆಟಕ್ಕೆ ಹೋದದ್ದಲ್ಲ, ಮನೆಯೊಳಗೇ ನುಡಿದದ್ದು. ಅದೂ ಒಬ್ಬ ಹೆಣ್ಣುಮಗಳ ಸ್ವರಕ್ಕೆ. ಹೆಂಗಸರು ಭಾಗವತಿಕೆ ಮಾಡಿದ್ದನ್ನು ಪಾಂಡು ಹುಟ್ಟಿದಲ್ಲಿಂದ ಕಂಡವನಲ್ಲ. ದೇವು ಆಚಾರಿಯನ್ನು ಬೈದದ್ದಕ್ಕೆ ಅವನಿಗೆ ನಿಜವಾಗಿ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ದೊಡ್ಡದು ಕುತೂಹಲ. ಯಾರವಳು?

ಮರುದಿನವೇ ಮದ್ದಳೆಯನ್ನು ಬಟ್ಟೆಯಲ್ಲಿ ಸುತ್ತಿ ಹೊರಟ. ಕುಂದಾಪುರದಲ್ಲಿ ದೋಣಿ ಹತ್ತಿ ಹೊಳೆ ದಾಟಿ, ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುವುದನ್ನು ಕಂಡು ರೋಸಿ, ಕೊನೆಯ ಮೂರು ಮೈಲಿ ನಡೆದೇ ಹೋದ. ದೇವು ಆಚಾರಿಯ ಹೆಂಡತಿ ಜಲಜಕ್ಕ ಇನ್ನೂ ಗಟ್ಟಿಮುಟ್ಟಾಗಿದ್ದರು. ಮದ್ದಳೆಯನ್ನು ಕಂಡದ್ದೇ ಕೈಯಲ್ಲಿ ಸವರಿದರು.

"ಇದ್ ವೈಕುಂಠ ಮಯ್ಯರದ್ ಅಲ್ದಾ? ಮಯ್ಯರ್ ಬಾರ್ಸುದ್, ಮಗ್ಳ್ ಹಾಡುದ್. ಬಾಗ್ಲ್ ಹಾಕ್ಕಂಡ್ ಹಾಡುದ್ ಮತ್ತೆ. ಹೊರ್ಗೆ ಗೊತ್ತಾದ್ರೆ ಮದ್ವಿ ಆತಿಲ್ಲೆ ಅಲ್ದಾ?"

ಮಯ್ಯರು ತೀರಿಕೊಂಡಿದ್ದರು. ಮಗಳು ವೇದಾವತಿಯನ್ನು ಕೊಟ್ಟದ್ದು ಅದೇ ಊರಿನಲ್ಲಿ, ಗದ್ದೆಯಾಚೆಗಿನ ಮನೆಗೆ. ಪಾಂಡು ಹೋದಾಗ ಆಕೆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನಲವತ್ತೈದರ ಹತ್ತಿರದ ಹೆಂಗಸು. ಜಗಲಿಯಲ್ಲಿ ಗಂಡ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದರು. ಪಾಂಡು ತನ್ನ ಹೆಸರು ಹೇಳಿ, ಮದ್ದಳೆಗೆ ಸುತ್ತಿದ ಬಟ್ಟೆ ತೆಗೆದ. ವೇದಾವತಿ ಹಪ್ಪಳ ಬಿಟ್ಟು ಹತ್ತಿರ ಬಂದರು.

"ಅಪ್ಪಯ್ಯನ ಅಟ್ಟದ್ ಮೇಲೆ ಇತ್ತ್ ಅಂದ್ಕಂಡಿದ್ದೆ," ಎಂದರು. "ತವ್ರಿನವ್ರ್ ಹಿತ್ತಾಳೆ ಒಟ್ಟಿಗೆ ಇದನ್ನೂ ಕೊಟ್ರಾ?"

"ಅಮ್ಮ, ನಿಮ್ಗೆ ಅಂತ್ಲೇ ಮಾಡಿದ್ ಇದ್. ಬಿಳಿ ಆರು. ಒಂದ್ ಎಳೆ ಕೆಡ್ಲಿಲ್ಲೆ. ಕೆತ್ತಿ ಇಳ್ಸ್ ಅಂದ್ಹೇಳಿ ಮೇಳದವ್ರ್ ಕೂತ್ಕಂಡಿರ್, ನಾ ಮುಟ್ಲಿಲ್ಲೆ." ಪಾಂಡುವಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಒಂದ್ ಸಲ ಹಾಡಿ ಕಾಣಿ."

ಆಕೆ ಗಂಡನ ಕಡೆ ನೋಡಿದರು. "ಅವ್ರಿಗೆ ಕಿವಿ ಮಂದ, ತಕರಾರಿಲ್ಲೆ. ಬೇಡ ಅಂತಿದ್ದದ್ ಅತ್ತೆ. ಅವ್ರ್ ಹೋಗಿ ವರ್ಷ ಆಯ್ತ್." ಸೆರಗಿನಲ್ಲಿ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತರು.

ಪಾಂಡು ನುಡಿಸಿದ. ಆಕೆ ಸ್ವರ ಹಿಡಿಯಲು ಹೋದರು. ಅರ್ಧಕ್ಕೆ ಗಂಟಲು ಒಡೆಯಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ಅಲ್ಲೇ ಒಡೆಯಿತು. ಮೂರನೆಯ ಸಲ ಮದ್ದಳೆಯನ್ನು ಲೆಕ್ಕಕ್ಕಿಡದೆ ತಮ್ಮಷ್ಟಕ್ಕೆ ಹಾಡಿದರು. ಒಳ್ಳೆಯ, ತುಂಬಿದ ಸ್ವರ. ಪಾಂಡುವಿನ ಕಿವಿ ಅದನ್ನು ತಕ್ಷಣ ಅಳೆಯಿತು: ಕಪ್ಪು ಮೂರು. ಮದ್ದಳೆಗಿಂತ ಮೂರು ಮನೆ ಕೆಳಗೆ.

"ಪಾಂಡು, ಇದನ್ನ್ ಇಳ್ಸುಕ್ ಆತ್ತಾ?" ಎಂದು ಕೇಳಿದರು ವೇದಾವತಿ.

"ಇಳ್ಸುಕ್ ಬಾಯಿ ಕೆತ್ತುಕ್ ಬೇಕ್ ಅಮ್ಮ. ಕೆತ್ತಿರೆ ಆಚಾರಿ ಕೆಲ್ಸ ಹೋಯ್ತ್. ನಿಮ್ಮ ಆಗ್ಳಿನ್ ಸ್ವರ ಇಪ್ಪುದ್ ಇದೊಂದ್ರ ಒಳ್ಗೇ. ಮತ್ತೆ ಎಲ್ಲೂ ಸಿಕ್ಕುದಿಲ್ಲೆ."

"ಆ ಸ್ವರ ಹದಿನಾಲ್ಕ್ ವರ್ಷದ್ ಹೆಣ್ಣಿಂದ್. ಅವ್ಳಿಗ್ ಬಾಗ್ಲ್ ಹಾಕ್ಕಂಡಾರೂ ಹಾಡುಕಾಯ್ತ್. ನಂಗ್ ಅದೂ ಆಯ್ಲಿಲ್ಲೆ." ಆಕೆಯ ದನಿಯಲ್ಲಿ ಅಳುವಿರಲಿಲ್ಲ, ಸ್ವಲ್ಪ ಸಿಟ್ಟಿತ್ತು. "ಅವ್ಳ್ ಸ್ವರ ಉಳ್ಸಿ ಎಂತ ಮಾಡ್ತೆ ನೀನ್? ಅಟ್ಟಕ್ ಹಾಕುದಾ? ಈಗ ಹಾಡುದ್ ನಾನ್."

ಕೆತ್ತಬೇಕೆಂದು ಸೀನ ಹೇಳಿದಾಗ ಪಾಂಡುವಿಗೆ ಸಿಟ್ಟು ಬಂದಿತ್ತು, ಈಗ ಸಂಕಟವಾಯಿತು. ಸೀನನಿಗೆ ಬೇಡ ಎಂದದ್ದನ್ನು ಈಕೆಗೆ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಯಾರದೆಂದು ತಿಳಿಯಬೇಕೆಂದು ಇಷ್ಟು ದೂರ ಬಂದವನು, ಆ ಯಾರಿಗೋ ಏನು ಬೇಕು ಎಂದು ಒಮ್ಮೆಯಾದರೂ ಯೋಚಿಸಿದ್ದನೇ?

ಅಂದು ಮದ್ದಳೆಯನ್ನು ಹೊತ್ತು ಮರಳಿದ. ವಾರ ಬಿಟ್ಟು ಉಳಿ, ಅರ, ಬಾರು ಎಲ್ಲ ಕಟ್ಟಿಕೊಂಡು ವಂಡ್ಸೆಗೆ ಹೋದ. ಆಮೇಲೆ ಮೂರು ವಾರ ಇದೇ ಆಯಿತು. ಒಂದು ಭತ್ತದ ಕಾಳಿನಷ್ಟು ಮರ ತೆಗೆಯುವುದು, ಚರ್ಮ ಬಿಗಿಯುವುದು, ವೇದಾವತಿ ಸ್ವರ ಹಿಡಿಯುವುದು, ಇನ್ನೂ ಇಳಿಯಬೇಕು ಎನ್ನುವುದು, ಮತ್ತೆ ಬಿಚ್ಚುವುದು. ಸೀನನಿಗೆ ಸುದ್ದಿ ಮುಟ್ಟಿತು. ಹೆಂಗಸು ಹೇಳಿದರೆ ಕೆತ್ತುತ್ತಾನೆ, ನಾವು ಹೇಳಿದರೆ ಇಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಮೇಳದ ಕೆಲಸ ಬೇರೆಯವರ ಪಾಲಾಯಿತು. ಚಂದ್ರಾವತಿ ದಾರಿಯ ಬುತ್ತಿಗೆ ಎರಡು ಹುರಿದ ಬಂಗುಡೆ ಹೆಚ್ಚು ಹಾಕಿ ಕಳಿಸಿದಳು.

ನಾಲ್ಕನೆಯ ಸಲ ಸ್ವರಗಳು ಕೂಡಿದವು. ವೇದಾವತಿ ಒಂದು ಪದ್ಯವನ್ನು ಮೊದಲಿನಿಂದ ಕೊನೆಯ ತನಕ ಹಾಡಿದರು, ಬಾಗಿಲು ತೆರೆದಿಟ್ಟು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಇತ್ತ ನೋಡಿದರು. ಪಾಂಡು ನುಡಿಸುತ್ತಿದ್ದ. ಅವನಿಗೆ ಸಂತೋಷವೂ ಆಗುತ್ತಿತ್ತು, ದೇವು ಆಚಾರಿಯನ್ನು ನೆನೆದು ತಪ್ಪು ಮಾಡಿದ ಹಾಗೂ ಆಗುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದ್ದರೆ ಹೇಳಲಾರದೆ ಹೋಗುತ್ತಿದ್ದ.

ಪದ್ಯ ಮುಗಿದ ಮೇಲೆ ಅವನು ಬಾರು ಸಡಿಲಿಸಿ ಬಲಬಾಯಿಯ ಚರ್ಮ ಮತ್ತೆ ಕಳಚಿದ. "ಇನ್ನೆಂತ? ಸರಿ ಆಯ್ತಲ್ದಾ?" ಎಂದು ವೇದಾವತಿ ಕೇಳಿದರು. ಸರಿಯಾಗಿದೆ, ಒಂದು ಸಣ್ಣ ಕೆಲಸ ಬಾಕಿ ಎಂದ. ಮರಕ್ಕೆ ಗುರುತು ಹಾಕುವ ಪೆನ್ಸಿಲ್ ತೆಗೆದು, ಕೈಯನ್ನು ಒಳಗೆ ತೂರಿಸಿ, ಮೂರನೆಯ ಕ್ಲಾಸಿನಲ್ಲಿ ಬಿಟ್ಟ ಅಕ್ಷರಗಳಲ್ಲಿ ಬರೆದ. ಇನ್ನು ಐವತ್ತು ವರ್ಷ ಕಳೆದು ತನ್ನ ಹಾಗೆಯೇ ಯಾವನೋ ಒಬ್ಬ ಇದನ್ನು ಬಿಚ್ಚಿ, ಒಂದು ಕಣ್ಣು ಮುಚ್ಚಿ, ಬಲಗೈ ಉಳಿ ಎಡಗೈ ಉಳಿ ಎರಡೂ ಕಂಡು ಕಕ್ಕಾಬಿಕ್ಕಿಯಾಗಬಾರದಲ್ಲ.

ಬರೆದದ್ದು ಇಷ್ಟು: ಮಾಡಿದವರು ದೇವು ಆಚಾರಿ, ಬಿಳಿ ಆರು. ಕೆತ್ತಿ ಇಳಿಸಿದ್ದು ಪಾಂಡು, ಕಪ್ಪು ಮೂರು. ಎರಡು ಸಲವೂ ಹಾಡಿದ್ದು ವೇದಾವತಿ.